ಸಹಿ ಹಾಕಿದ ರಾಷ್ಟ್ರಪತಿ

ಸಂವಿಧಾನದ ಪಾಠ ಮಾಡುವಾಗ, ರಾಷ್ಟ್ರಪತಿ ಎಂದರೆ ಬರೀ ರಬ್ಬರ್ ಸ್ಟ್ಯಾಂಪೇ ಎಂದು ಮಕ್ಕಳು ನನ್ನನ್ನು ಕೇಳುವುದುಂಟು. ಆಗೆಲ್ಲ ನಾನು ಡಾ. ರಾಜೇಂದ್ರ ಪ್ರಸಾದರ ವಿಷಯ ಹೇಳುತ್ತೇನೆ.

ಅವರು ಹುಟ್ಟಿದ್ದು 1884ರಲ್ಲಿ, ಬಿಹಾರದ ಜೀರಾದೇಯಿ ಎಂಬ ಹಳ್ಳಿಯಲ್ಲಿ. ವಕೀಲರಾಗಿದ್ದವರು 1917ರಲ್ಲಿ ಚಂಪಾರಣ್‌ನಲ್ಲಿ ಗಾಂಧೀಜಿಯವರ ಜೊತೆಗೂಡಿದರು. ಮುಂದೆ ಸಂವಿಧಾನ ಸಭೆಯ ಅಧ್ಯಕ್ಷರಾದರು. 1950ರ ಜನವರಿ 26ರಂದು ಮೊದಲ ರಾಷ್ಟ್ರಪತಿಯಾದರು.

ಮರುವರ್ಷವೇ ಇಕ್ಕಟ್ಟು ಬಂತು. ಹಿಂದೂ ಸಂಹಿತೆ ಮಸೂದೆ ಅವರಿಗೆ ಒಪ್ಪಿಗೆಯಿರಲಿಲ್ಲ. ಇನ್ನೂ ಸಾರ್ವತ್ರಿಕ ಚುನಾವಣೆಯೇ ನಡೆಯದಿರುವಾಗ ಇಂಥ ದೊಡ್ಡ ಬದಲಾವಣೆ ಸಲ್ಲದೆಂಬುದು ಅವರ ವಾದ. ಮಸೂದೆ ತಮ್ಮ ಮುಂದೆ ಬಂದರೆ ಸ್ವಂತ ವಿವೇಚನೆಯಂತೆ ನಡೆಯುವುದಾಗಿ 1951ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದರು. ನೆಹರೂ ಅಟಾರ್ನಿ ಜನರಲ್ ಸೆಟಲ್ವಾಡರ ಅಭಿಪ್ರಾಯ ಕೇಳಿದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯನ್ನು ಮೀರುವಂತಿಲ್ಲ ಎಂಬ ಉತ್ತರ ಬಂತು. ಲೋಕಸಭೆಗೆ ಲೆಕ್ಕ ಒಪ್ಪಿಸಬೇಕಾದವರು ಮಂತ್ರಿಗಳು ತಾನೇ! ಗಮನಿಸಬೇಕಾದದ್ದೆಂದರೆ, ಈ ಕಟ್ಟುಪಾಡು ಆಗ ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. 1976ರ 42ನೇ ತಿದ್ದುಪಡಿಯಲ್ಲಷ್ಟೇ ಅದು ಸೇರಿತು. ಹಟ ಹಿಡಿಯಲು ಅವರಿಗೆ ದಾರಿಯಿತ್ತು, ಹಿಡಿಯಲಿಲ್ಲ.

ಚುನಾವಣೆಯ ನಂತರ 1955ರಲ್ಲಿ ಹಿಂದೂ ವಿವಾಹ ಕಾಯ್ದೆ, 1956ರಲ್ಲಿ ಉತ್ತರಾಧಿಕಾರ ಕಾಯ್ದೆ ಬಂದವು. ಎರಡಕ್ಕೂ ಸಹಿ ಹಾಕಿದರು. ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ಆ ಕಾನೂನನ್ನು ಅವರು ವಿರೋಧಿಸಿದ್ದು ಸರಿಯಲ್ಲವೆಂದೇ ನನ್ನ ಭಾವನೆ. ಆದರೆ ಮನಸ್ಸೊಪ್ಪದಿದ್ದರೂ ಹಾಕಿದ ಆ ಸಹಿಯ ಮೇಲೆ ನನಗೆ ಬಹಳ ಗೌರವ. ಹಾಗೆಂದು ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. ರಾಷ್ಟ್ರಪತಿಯ ಅಧಿಕಾರದ ಬಗ್ಗೆ ಅಧ್ಯಯನ ನಡೆಯಲೆಂದು 1960ರಲ್ಲಿ ಸಭೆಯೊಂದರಲ್ಲಿ ಬಹಿರಂಗವಾಗಿಯೇ ಕೇಳಿದರು.

1962ರಲ್ಲಿ ಅಧಿಕಾರ ಬಿಟ್ಟು ಪಾಟ್ನಾದ ಸದಾಕತ್ ಆಶ್ರಮಕ್ಕೆ ಮರಳಿದರು. ಮರುವರ್ಷ ಫೆಬ್ರವರಿ 28ರಂದು ತೀರಿಕೊಂಡರು.