ಕಂಪಿಲರಾಯನ ಕೈಯಲ್ಲಿದ್ದ ಎಲೆಗಳು

ಹೊಸಪೇಟೆಯ ದಾರಿಯಾಗಿ ಹಂಪಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ಸಂಜೆಯ ಹೊತ್ತು ಹೇಮಕೂಟದ ಬಂಡೆಗಳ ಮೇಲೆ ಕುಳಿತು ಸೂರ್ಯಾಸ್ತ ನೋಡುತ್ತಾರೆ. ಅಲ್ಲಿ ಮೂರು ಗರ್ಭಗುಡಿಗಳುಳ್ಳ ಕಲ್ಲಿನ ದೇವಾಲಯವೊಂದಿದೆ. ಅದನ್ನು ಕಟ್ಟಿಸಿದವನು ವಿಜಯನಗರದ ಅರಸನಲ್ಲ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನು ತಂದೆತಾಯಿಯರ ಸ್ಮರಣಾರ್ಥ ಅಲ್ಲಿ ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಶಾಸನ ತಿಳಿಸುತ್ತದೆ. ಮಗ ಕುಮಾರರಾಮನ ಕೀರ್ತಿಯ ಮರೆಯಲ್ಲಿ ನಿಂತುಹೋದ ಅರಸ ಈತ.

ಪೋಕರ್ ಎಂಬ ಇಸ್ಪೀಟಾಟದಲ್ಲಿ ನುರಿತವರು ಪಾಲಿಸುವ ನಿಯಮವೊಂದಿದೆ. ಕೈಯಲ್ಲಿರುವ ಎಲೆಗಳು ಸಾಧಾರಣವಾಗಿದ್ದು, ಎದುರಾಳಿಗಳು ಹಲವರಿದ್ದು, ಅವರೆಲ್ಲರಿಗಿಂತ ಮೊದಲು ಪಣ ಹೂಡುವ ಸರದಿ ನಮ್ಮದಾದರೆ ಆ ಸುತ್ತನ್ನು ಬಿಟ್ಟುಕೊಡುವುದೇ ಲೇಸು. ಎದುರಾಳಿ ಒಬ್ಬನೇ ಆದರೆ ಹೆದರಿಸಿಯಾದರೂ ಗೆಲ್ಲಬಹುದು. ಹಲವರಿದ್ದಾಗ ಅವರಲ್ಲೊಬ್ಬನ ಬಳಿ ನಮ್ಮದಕ್ಕಿಂತ ಮೇಲಾದ ಎಲೆ ಇರುವ ಸಂಭವವೇ ಹೆಚ್ಚು. ಕೊನೆಯಲ್ಲಿ ಆಡುವವನಾದರೋ ಉಳಿದವರ ನಡೆ ನೋಡಿಕೊಂಡು ತನ್ನದನ್ನು ನಿರ್ಧರಿಸುತ್ತಾನೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನಿದ್ದ ಪರಿಸ್ಥಿತಿ ಇದೇ ಆಗಿತ್ತು.

ಆತನ ತಂದೆ ದೇವಗಿರಿಯ ಸೇವುಣರ ಅಧೀನದಲ್ಲಿದ್ದವನು. 1318ರ ವೇಳೆಗೆ ಸೇವುಣರ ಆಳ್ವಿಕೆ ಕೊನೆಗೊಂಡಿತು. ಕಂಪಿಲ ಸ್ವತಂತ್ರನಾಗಿ ನಿಂತ. ತುಂಗಭದ್ರೆಯ ದಂಡೆಯ ಕಂಪ್ಲಿ, ಗಂಗಾವತಿ ಕಡೆಯ ಕುಮ್ಮಟದುರ್ಗ, ಸಂಡೂರು ಬೆಟ್ಟಗಳ ನಡುವಣ ಹೊಸಮಲೆದುರ್ಗ ಇವು ಆತನ ನೆಲೆಗಳು. ಬಂಡೆಗಳೇ ಕೋಟೆಗೋಡೆಯಾದ ಈ ನೆಲ ರಕ್ಷಣೆಗೆ ಅನುಕೂಲವಾಗಿತ್ತೇ ಹೊರತು ದೊಡ್ಡ ರಾಜ್ಯದ ಬೊಕ್ಕಸವನ್ನು ತುಂಬಿಸುವಂಥದ್ದಾಗಿರಲಿಲ್ಲ. ದಕ್ಷಿಣದಲ್ಲಿ ಹೊಯ್ಸಳ ಮುಮ್ಮಡಿ ಬಲ್ಲಾಳ ಹಳೆಯ ವೈರಿ. ಪೂರ್ವದಲ್ಲಿ ವಾರಂಗಲ್ಲಿನ ಕಾಕತೀಯರು. ಉತ್ತರದಲ್ಲಿ ದೆಹಲಿಯ ಸುಲ್ತಾನರು. 1323ರಲ್ಲಿ ವಾರಂಗಲ್ಲೂ ದೆಹಲಿಯ ವಶವಾದಾಗ ಕಂಪಿಲನ ರಾಜ್ಯವೇ ಗಡಿಯಾಯಿತು. ಉತ್ತರದಿಂದ ಬರುವ ಯಾವ ದಂಡಿಗೂ ಮೊದಲು ಉತ್ತರ ಕೊಡಬೇಕಾದವನು ಆತನೇ.

ಆ ಸರದಿ ಬರಲು ತಡವಾಗಲಿಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್, ತನ್ನ ಬಂಧುವೇ ಆದ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು, ಕಂಪಿಲನಲ್ಲಿ ಆಶ್ರಯ ಬೇಡಿದ. ಅವನನ್ನು ಒಪ್ಪಿಸಿದ್ದರೆ ದೆಹಲಿಯ ಕೃಪೆ ದೊರಕುತ್ತಿತ್ತು. ಆಶ್ರಯದಿಂದ ರಾಜ್ಯಕ್ಕೆ ಯಾವ ಲಾಭವೂ ಇರಲಿಲ್ಲ. ಆದರೂ ಕಂಪಿಲ ಕೈಬಿಡಲಿಲ್ಲ. ಕುಮ್ಮಟದ ಮುಂದೆ ದೆಹಲಿಯ ಸೇನೆ ಎರಡು ಬಾರಿ ಹಿಮ್ಮೆಟ್ಟಿತು. 1327ರ ಸುಮಾರಿನಲ್ಲಿ ಮೂರನೆಯ ದಂಡು ಬಂದಾಗ ಕುಮ್ಮಟ ಬಿತ್ತು. ಕಂಪಿಲ ಹೊಸದುರ್ಗವನ್ನು ಸೇರಿಕೊಂಡ; ಅದು ಆನೆಗೊಂದಿಯೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಮುತ್ತಿಗೆ ಮುಂದುವರಿದು ದವಸಧಾನ್ಯ ಮುಗಿಯುತ್ತ ಬಂತು. ಕೊನೆಯ ಗಳಿಗೆಯಲ್ಲೂ ಆತ ಆಶ್ರಿತನನ್ನು ಕುಟುಂಬಸಹಿತ ಬಲ್ಲಾಳನ ಬಳಿಗೆ ಸುರಕ್ಷಿತವಾಗಿ ಕಳುಹಿಸಿದ. ಬಳಿಕ ರಾಣಿವಾಸದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು. ಕಂಪಿಲ ಹೊರಬಂದು ಕಾದಾಡಿ ಮಡಿದ. ಸೆರೆಸಿಕ್ಕ ಆತನ ಹನ್ನೊಂದು ಮಂದಿ ಗಂಡುಮಕ್ಕಳನ್ನು ಸುಲ್ತಾನನ ಬಳಿಗೆ ಒಯ್ದು ಮತಾಂತರಿಸಿದರೆಂದೂ ಅವರಲ್ಲಿ ಕೆಲವರನ್ನು ತಾನು ಕಂಡೆನೆಂದೂ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಕೊನೆಯ ಸರದಿ ಬಲ್ಲಾಳನದು. ಕಂಪಿಲನ ಗತಿ ಏನಾಯಿತೆಂದು ನೋಡಿದ ಮೇಲೆ ಆತ ನಿರ್ಧಾರ ತೆಗೆದುಕೊಂಡ. ಗುರ್ಶಾಸ್ಪನನ್ನು ಸುಲ್ತಾನನಿಗೆ ಒಪ್ಪಿಸಿ ರಾಜ್ಯ ಉಳಿಸಿಕೊಂಡ. ಗುರ್ಶಾಸ್ಪನಿಗೆ ಚಿತ್ರವಧೆಯಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಬಲ್ಲಾಳನ ಲೆಕ್ಕದಲ್ಲಿ ತಪ್ಪು ಹುಡುಕಲಾರೆ. ಆದರೆ ಆ ಲೆಕ್ಕ ತಂದುಕೊಟ್ಟದ್ದು ಸುಮಾರು ಹದಿನೈದು ವರ್ಷಗಳ ಬಿಡುವನ್ನು ಮಾತ್ರ. 1340ರ ದಶಕದ ಆರಂಭದಲ್ಲಿ ಆತನೂ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಅಷ್ಟೇ ಘೋರವಾಗಿ ಕೊಲೆಯಾದ.

ಹಾಗೆಂದು ಕಂಪಿಲನನ್ನು ಕೇವಲ ಕೊಂಡಾಡಿ ಸುಮ್ಮನಾಗುವುದೂ ಸರಿಯಲ್ಲ. ಆಡಳಿತದಲ್ಲಿದ್ದವರಿಗೆ ಗೊತ್ತಿರುವ ಸತ್ಯವೆಂದರೆ, ಅರಸ ಹೂಡುವ ಪಣ ಆತನ ಸ್ವಂತದ್ದಲ್ಲ. ಆತನ ವಚನದ ಬೆಲೆಯನ್ನು ಬೆಂಕಿಗೆ ಬಿದ್ದ ಹೆಂಗಸರು, ಹೆಸರಿಲ್ಲದ ಕಾಲಾಳುಗಳು, ಊರು ಕಳೆದುಕೊಂಡ ರೈತರು ತೆತ್ತರು. ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ಬೇಡಿ ಬಂದವನನ್ನು ಹಿಡಿದುಕೊಡುವ ಅರಸನನ್ನು ನಾಳೆ ಆತನ ಪ್ರಜೆಗಳೂ ನಂಬುವುದಿಲ್ಲ. ಸಂಭವನೀಯತೆಯ ಲೆಕ್ಕದಲ್ಲಿ ಈ ನಂಬಿಕೆಗೆ ಅಂಕಣವಿಲ್ಲ.

ಕಂಪಿಲನ ಸೇವೆಯಲ್ಲಿದ್ದರೆಂದು ಅನೇಕ ಇತಿಹಾಸಕಾರರು ನಂಬುವ ಹರಿಹರ-ಬುಕ್ಕರು 1336ರಲ್ಲಿ ಅದೇ ಬಂಡೆಗಳ ನಡುವೆ ಹೊಸ ರಾಜ್ಯ ಕಟ್ಟಿದರು. ಜನಪದರು ಕಂಪಿಲನ ಮಗ ಕುಮಾರರಾಮನನ್ನು ಕಾವ್ಯದಲ್ಲೂ ಹಾಡಿನಲ್ಲೂ ಉಳಿಸಿಕೊಂಡು ಪೂಜಿಸಿದರು. ಅವರ ಕಥೆಯಲ್ಲಿ ಆಶ್ರಯ ಕೊಟ್ಟ ಹಿರಿಮೆಯೂ ಮಗನದೇ. ತಂದೆಯ ಪಾಲಿಗೆ ಉಳಿದಿರುವುದು ಹೇಮಕೂಟದ ಆ ಸರಳವಾದ ಗುಡಿ. ಮುಂದಿನ ಸಲ ಸೂರ್ಯಾಸ್ತ ನೋಡಲು ಹೋದವರು ಅದರ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.