ನಿಲ್ದಾಣದ ಬಳಿಯ ಎರಡೂವರೆ ಎಕರೆ

ಅರಿಸಿನಕ್ಕೆ ಬೆಲೆ ಬಂದಿತೆಂದರೆ ಮರುವರ್ಷ ಚಾಮರಾಜನಗರದ ಸುತ್ತ ಎಲ್ಲರೂ ಅರಿಸಿನವನ್ನೇ ಹಾಕಲು ಹೊರಡುತ್ತಾರೆ. ಗುಂಡ್ಲುಪೇಟೆಯ ಕಡೆ ಚೆಂಡುಹೂವಿನ ಮಾತು. ಬಂಡೀಪುರದ ಹಾದಿಯಲ್ಲಿ ಪ್ರವಾಸಿಗರ ವಾಹನಗಳು ಹೆಚ್ಚಿದಂತೆ ಹೋಟೆಲು, ವಸತಿಗೃಹಗಳ ಮಾತು. ಹೊಸ ಉದ್ಯಮಕ್ಕೆ ಕೈಹಾಕುವ ತರುಣರು ಮೊದಲು ಮಠಕ್ಕೆ ಬಂದು ಆಶೀರ್ವಾದ ಬೇಡುವುದು ನಮ್ಮ ಸೀಮೆಯ ವಾಡಿಕೆ. ಅವರ ಉತ್ಸಾಹವನ್ನು ಕಂಡು ನಾವೂ ಹಿಗ್ಗುತ್ತೇವೆ. ಆದರೆ ಹಿಂದಿನ ಸಾಲ ತೀರುವ ಮುನ್ನವೇ ಇನ್ನೊಂದು ಉದ್ಯಮದ ಹೆಸರನ್ನು ಹೊತ್ತು ಬಂದವರನ್ನು ಕಂಡಾಗ ನಮಗೆ ಗುಬ್ಬಿ ತೋಟದಪ್ಪನವರ ನೆನಪಾಗುತ್ತದೆ.

ತೋಟದಪ್ಪನವರು ಜನಿಸಿದ್ದು 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯ ಲಿಂಗಾಯತ ಮನೆತನದಲ್ಲಿ. ಕುಟುಂಬದೊಡನೆ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರದಲ್ಲಿ ನೆಲೆನಿಂತರು. ಅವರು ವ್ಯಾಪಾರವನ್ನು ಕೀಳೆಂದು ಬಗೆದು ಬಿಟ್ಟವರಲ್ಲ. ಅದನ್ನೇ ಕಾಯಕವಾಗಿ ನಡೆಸಿ ಸಂಪತ್ತನ್ನು ಗಳಿಸಿದವರು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಅವರ ಬಾಳಿನ ಕಾಲವೇ ರೈಲಿನ ಕಾಲ. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. 1882ರ ಹೊತ್ತಿಗೆ ಮೈಸೂರಿನವರೆಗೆ, 1891ರಲ್ಲಿ ನಂಜನಗೂಡಿನವರೆಗೆ ಹಳಿಗಳು ಚಾಚಿದವು. ಸರಕು ಸಾಗಿಸುವ ರೀತಿಯೇ ಬದಲಾಗುತ್ತಿದ್ದ ಆ ದಿನಗಳಲ್ಲಿ ರೈಲು ನಿಲ್ದಾಣದ ಸಮೀಪದ ಭೂಮಿ ಎಂಥದೆಂಬುದನ್ನು ವರ್ತಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋದಾಮು ಕಟ್ಟಬಹುದಿತ್ತು, ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡಬಹುದಿತ್ತು, ಬೆಲೆ ಏರುವವರೆಗೆ ಸುಮ್ಮನೆ ಬೀಳುಬಿಟ್ಟರೂ ಲಾಭವೇ.

1897ರಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತೋಟದಪ್ಪನವರು ಬೆಂಗಳೂರು ನಿಲ್ದಾಣದ ಬಳಿ ರೈಲ್ವೆಯವರಿಂದ ಎರಡೂವರೆ ಎಕರೆ ಭೂಮಿಯನ್ನು ಕೊಂಡರು. ಅವಕಾಶವನ್ನು ಕಾಣುವ ಕಣ್ಣು ಅವರಿಗಿತ್ತೆಂಬುದಕ್ಕೆ ಆ ಸ್ಥಳದ ಆಯ್ಕೆಯೇ ಸಾಕ್ಷಿ. ಆದರೆ ಅವರು ಅಲ್ಲಿ ಕಟ್ಟಿಸಿದ್ದು ಪ್ರಯಾಣಿಕರಿಗೆ ಧರ್ಮಛತ್ರ, ವಿದ್ಯಾರ್ಥಿಗಳಿಗೆ ಉಚಿತ ನಿಲಯ.

ಇದರ ಬೆಲೆ ಅರಿಯಲು ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಹೊರಟ ಅಂದಿನ ಪ್ರಯಾಣಿಕನೊಬ್ಬನನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಎತ್ತಿನ ಗಾಡಿಯಲ್ಲಿ ಬೇಗೂರಿನ ದಾರಿಯಾಗಿ ನಂಜನಗೂಡು. ಅಲ್ಲಿಂದ ರೈಲು, ಮೈಸೂರು, ಮತ್ತೆ ರೈಲು. ನ್ಯಾಯಾಲಯದ ಕೆಲಸವೋ, ಮಗನ ಓದೋ, ಸರಕಿನ ಖರೀದಿಯೋ ಹೊತ್ತು ಬಂದವನು ಪರಿಚಯವಿಲ್ಲದ ಊರಿನಲ್ಲಿ ಕತ್ತಲಾದ ಮೇಲೆ ಇಳಿದರೆ ತಲೆಯಿಡಲು ತಾಣವೆಲ್ಲಿ? ಉಳಿದವರು ನಿಲ್ದಾಣದಲ್ಲಿ ಸರಕನ್ನು ಕಂಡಿರಬಹುದು. ತೋಟದಪ್ಪನವರು ಈ ಮನುಷ್ಯನನ್ನು ಕಂಡರು.

ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಗೆ ಒಡೆಯರಿರಲಿಲ್ಲ, ತಂದದ್ದು ಕಳವೂ ಅಲ್ಲ. ಆದರೂ ತಾಯಿ ಕೇಳಿದ್ದು, ನಮಗೆ ಇಷ್ಟು ಏತಕ್ಕೆ ಎಂಬುದನ್ನು. ಈ ಪ್ರಶ್ನೆಯನ್ನು ಬಡತನದಲ್ಲಿ ಕೇಳಿಕೊಳ್ಳುವುದೇ ಕಠಿಣ. ಕೈತುಂಬ ಹಣವಿದ್ದು, ಎದುರಿಗೆ ನಿಲ್ದಾಣದ ಬಳಿಯ ಭೂಮಿಯಿರುವಾಗ ಕೇಳಿಕೊಳ್ಳುವುದು ಇನ್ನೂ ಕಠಿಣವೆಂದು ನಮ್ಮ ಭಾವನೆ.

ಭೂಮಿ ಕೊಂಡ ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಬೀದಿಗಳೇ ಹೆಚ್ಚು ನಲುಗಿದವು. ಜನ ಮನೆಮಠ ಬಿಟ್ಟು ಊರ ಹೊರಗೆ ನಡೆದರು. ಅಂಥ ದಿನಗಳಲ್ಲಿ ಹಿಡಿದ ಕೆಲಸವನ್ನು ಕೈಬಿಡಲು ನೆಪ ಹುಡುಕಬೇಕಾಗಿರಲಿಲ್ಲ. ತೋಟದಪ್ಪನವರು ಬಿಡಲಿಲ್ಲ. ಕೊಂಡ ಆರು ವರ್ಷಕ್ಕೆ, 1903ರ ಫೆಬ್ರವರಿ 11ರಂದು, ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ಮಹಾರಾಜರಿಂದ ‘ಧರ್ಮಪ್ರವರ್ತ’ ಬಿರುದು ಬಂದದ್ದು 1905ರಲ್ಲಿ, ಬ್ರಿಟಿಷ್ ಸರ್ಕಾರದ ‘ರಾವ್ ಬಹದ್ದೂರ್’ 1910ರಲ್ಲಿ. ಕೆಲಸ ಮೊದಲು, ಬಿರುದು ಆಮೇಲೆ. ಇಂದು ಮಳಿಗೆಗೆ ಮುನ್ನವೇ ಫಲಕ ಬರೆಸುವವರನ್ನು ಕಂಡಾಗ ನಮಗೆ ನಗು ಬರುತ್ತದೆ.

ಅವರ ಕೊನೆಯ ನಿರ್ಧಾರವನ್ನು ನಾವು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇವೆ. ದಾನ ಮಾಡಿದ ಮೇಲೂ ಅದರ ಬೀಗದ ಕೈ ನಮ್ಮ ಸೊಂಟದಲ್ಲೇ ಇರಲೆಂಬುದು ಮನುಷ್ಯನ ಸಹಜ ಆಸೆ. ತೋಟದಪ್ಪನವರು ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಒಪ್ಪಿಸಿ, ಆಡಳಿತದಲ್ಲಿ ನುರಿತ ಕೆ. ಪಿ. ಪುಟ್ಟಣ್ಣಚೆಟ್ಟಿಯವರನ್ನು ಅದರ ಮೊದಲ ಅಧ್ಯಕ್ಷರನ್ನಾಗಿಸಿದರು. ಸಂಸ್ಥೆ ತಮ್ಮ ಹೆಸರಿನಲ್ಲಿದ್ದರೂ ತಮ್ಮ ಕೈಯನ್ನು ನೆಚ್ಚಿಕೊಂಡಿರದಂತೆ ಏರ್ಪಾಟು ಮಾಡಿ, 1910ರಲ್ಲಿ ಅವರು ಲಿಂಗೈಕ್ಯರಾದರು.

ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ಗುಂಡ್ಲುಪೇಟೆಗೆ ಇನ್ನೂ ಬಂದಿಲ್ಲ. ಬೆಂಗಳೂರಿನ ನಿಲ್ದಾಣದ ಬಳಿ ಆ ಛತ್ರ ಇಂದಿಗೂ ಇದೆ. ನಾಡಿನ ಹಳ್ಳಿಗಳಿಂದ ಪೆಟ್ಟಿಗೆ ಹಿಡಿದು ಬಂದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅಲ್ಲಿಯ ನಿಲಯದಲ್ಲಿ ಉಂಡು, ದೀಪ ಹಚ್ಚಿಕೊಂಡು ಓದಿದ್ದಾರೆ.