ಮೂಲೆಯಲ್ಲಿ ಬಿದ್ದ ವೈರ್ ಆಂಟೆನಾ ಆದೀತೇ? ಹರ್ಟ್ಸ್ ಅವರನ್ನು ಕೇಳಿ!

ಎಫ್‌ಎಂ ರೇಡಿಯೊ ಗೊರಗೊರ ಎನ್ನುತ್ತಿದೆಯೇ? ಮನೆಯಲ್ಲಿ ಉಳಿದಿರುವ ಎರಡು ಎಳೆಯ ವೈರ್ ಹುಡುಕಿ. ಒಂದು ತುದಿಯಿಂದ 75 ಸೆಂ.ಮೀ.ವರೆಗೆ ಎಳೆಗಳನ್ನು ಬೇರ್ಪಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಚಾಚಿ ಗೋಡೆಗೆ ಅಂಟಿಸಿ. ಇನ್ನೊಂದು ತುದಿಯ ಎರಡು ಎಳೆಗಳನ್ನು ರೇಡಿಯೊದ ಹಿಂದಿರುವ ಆಂಟೆನಾ ಜಾಗಕ್ಕೆ ಜೋಡಿಸಿ. ಇದೇ ಡೈಪೋಲ್ ಆಂಟೆನಾ. ಇದರ ಮೂಲರೂಪವನ್ನು ಕಟ್ಟಿದವರು, ರೇಡಿಯೊ ಎಂಬುದೇ ಇಲ್ಲದ ಕಾಲದ ಹೈನ್‌ರಿಕ್ ಹರ್ಟ್ಸ್.

ಹರ್ಟ್ಸ್ ಹುಟ್ಟಿದ್ದು 1857ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಎಂಜಿನಿಯರ್ ಆಗಲು ಹೊರಟವರು ಭೌತವಿಜ್ಞಾನದತ್ತ ಹೊರಳಿದರು. ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಅವರ ಬಳಿ ಕಲಿತು, 1885ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾದರು. ವಿದ್ಯುತ್ಕಾಂತೀಯ ಅಲೆಗಳಿವೆ, ಬೆಳಕೂ ಅಂಥದ್ದೇ ಎಂದು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ಹೇಳಿದ್ದರು. ಆದರೆ ಆ ಅಲೆಗಳನ್ನು ಹುಟ್ಟಿಸಿ ತೋರಿಸಿದವರಿರಲಿಲ್ಲ.

ಹರ್ಟ್ಸ್ ಬಳಸಿದ್ದು ಸರಳ ಸಾಮಗ್ರಿ. ಸುಮಾರು 3 ಮೀಟರ್ ಉದ್ದದ ತಾಮ್ರದ ತಂತಿ, ನಡುವೆ ಸಣ್ಣ ಬಿಡುವು, ಎರಡು ತುದಿಗೂ ಸತುವಿನ ಗೋಳ. ಬಿಡುವಿನಲ್ಲಿ ಕಿಡಿ ಹಾರಿಸಿದರೆ ಅಲೆ ಹೊರಡುತ್ತಿತ್ತು. ದೂರದಲ್ಲಿಟ್ಟ ಇನ್ನೊಂದು ತಂತಿಯ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕೋಣೆಯನ್ನು ಕತ್ತಲು ಮಾಡಿ ನೋಡಿದರೆ ಅಲ್ಲೂ ಪುಟ್ಟ ಕಿಡಿ! ನಡುವೆ ಯಾವ ತಂತಿಯೂ ಇರಲಿಲ್ಲ. 1886ರಿಂದ 1888ರವರೆಗಿನ ಈ ಪ್ರಯೋಗಗಳಲ್ಲಿ ಅವರು ಅಲೆಯ ಉದ್ದವನ್ನೂ ಅಳೆದರು.

ಹರ್ಟ್ಸ್ ಅವರಿಗೆ ತಮ್ಮ ಶೋಧದ ಬೆಲೆಯೇ ತಿಳಿಯಲಿಲ್ಲ ಎಂಬ ಮಾತಿದೆ. ಇದು ಅರ್ಧ ಸತ್ಯ. ಈ ಅಲೆಗಳಿಂದ ಟೆಲಿಫೋನ್ ಮಾತನ್ನು ಕಳಿಸಬಹುದೇ ಎಂದು 1889ರಲ್ಲಿ ಎಂಜಿನಿಯರೊಬ್ಬರು ಕೇಳಿದಾಗ, ಆಗದು ಎಂದು ಉತ್ತರಿಸಿದ್ದು ನಿಜ. ಆದರೆ ಅವರ ಲೆಕ್ಕ ತಪ್ಪಿರಲಿಲ್ಲ. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಅಲೆಯ ಉದ್ದ 300 ಕಿ.ಮೀ.! ಅದಕ್ಕೆ ತಕ್ಕ ಉಪಕರಣ ಕಟ್ಟುವವರು ಯಾರು? ಧ್ವನಿಯನ್ನು ವೇಗವಾಗಿ ಕಂಪಿಸುವ ಅಲೆಯ ಮೇಲೆ ಹೇರಿ ಕಳಿಸುವ ಉಪಾಯ ಆಮೇಲೆ ಬಂತು. ಎಫ್‌ಎಂ ಮಾಡುವುದು ಅದನ್ನೇ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಅರ್ಧ ಒಂದೂವರೆ ಮೀಟರ್. ನಿಮ್ಮ ಗೋಡೆಯ ಮೇಲಿನ ಎರಡು ಕೈಗಳ ಒಟ್ಟು ಉದ್ದವೂ ಅಷ್ಟೇ.

ಆ ದಿನಗಳನ್ನು ನೋಡಲು ಹರ್ಟ್ಸ್ ಉಳಿಯಲಿಲ್ಲ. 1892ರಲ್ಲಿ ಶುರುವಾದ ಕಾಯಿಲೆ ಶಸ್ತ್ರಚಿಕಿತ್ಸೆಗಳಿಗೂ ಬಗ್ಗಲಿಲ್ಲ. 1894ರ ಜನವರಿ 1ರಂದು ಬಾನ್ ನಗರದಲ್ಲಿ, ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಾಗ ಅವರಿಗೆ ಬರೀ 36 ವರ್ಷ. ಮಾರ್ಕೋನಿಯ ಪ್ರಯೋಗಗಳು ಫಲ ಕೊಟ್ಟದ್ದು ಅದರ ನಂತರ. ಸೆಕೆಂಡಿಗೊಂದು ಕಂಪನ ಎಂಬ ಅಳತೆಗೆ ಈಗ ಅವರದೇ ಹೆಸರು: ಒಂದು ಹರ್ಟ್ಸ್.